ಮೊದಲ ಸಾಲಿನಲ್ಲಿ ಯಾರಿಗೆ ಜಾಗ?

(ಶತಮಾನೋತ್ಸವದ ಅಂಗವಾಗಿ ಜರಗಿದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷ ತುಂಬಿದ ಈ ವಿದ್ಯಾಲಯದ ಅಂಗಳದಲ್ಲಿ ನಿಂತು ನಾಲ್ಕು ಮಾತನಾಡುವ ಅವಕಾಶ ದೊರೆತುದು ನನ್ನ ಭಾಗ್ಯ. ಸಮಿತಿಯವರು ದೂರವಾಣಿ ಕರೆಮಾಡಿ, “ನೀವು ಕಂಪ್ಯೂಟರಿನ ಕೆಲಸದವರು, ಮಕ್ಕಳಿಗೂ ಹೆತ್ತವರಿಗೂ ಪ್ರಯೋಜನವಾಗುವ ವಿಷಯವೊಂದನ್ನು ಹೇಳಿ” ಎಂದು ಅಪ್ಪಣೆ ಮಾಡಿದರು. ಯೋಚಿಸುತ್ತಿದ್ದಾಗ ನನ್ನ ಮನಸ್ಸು ಹೋದದ್ದು ಕಂಪ್ಯೂಟರಿನ ಕಡೆಗಲ್ಲ, ಈ ಶಾಲೆಯ ಶುಕ್ರವಾರದ ಕೊನೆಯ ಪಿರಿಯಡ್ಡಿನ ಕಡೆಗೆ.

ನಮ್ಮ ಕಾಲದಲ್ಲಿ ಶುಕ್ರವಾರದ ಕೊನೆಯ ಪಿರಿಯಡ್ಡು ಸಾಹಿತ್ಯ ಸಂಘದ್ದು. “ಹಳ್ಳಿ ಮೇಲೋ, ಪಟ್ಟಣ ಮೇಲೋ” ಎಂಬಂಥ ವಿಷಯದ ಮೇಲೆ ಚರ್ಚೆ. ಅತ್ತ ಮೂವರು, ಇತ್ತ ಮೂವರು. ಮೂರು ನಿಮಿಷಕ್ಕೆ ಮಾಷ್ಟ್ರು ಗಂಟೆ ಬಾರಿಸುವರು. ಕೊನೆಗೆ ಒಂದು ಪಕ್ಷಕ್ಕೆ ಗೆಲುವು, ಇನ್ನೊಂದಕ್ಕೆ ಸೋಲು. ಚೀಟಿ ಎತ್ತಿದಾಗ ಯಾವ ಪಕ್ಷ ಬಂತೋ ಅದನ್ನೇ ಸಮರ್ಥಿಸುತ್ತಿದ್ದೆವು. ನಾವು ಗೆದ್ದರೂ ಸೋತರೂ ಹಳ್ಳಿ ಹಳ್ಳಿಯಾಗಿಯೇ ಉಳಿಯುತ್ತಿತ್ತು. ವೃತ್ತಿಗೆ ಇಳಿದ ಬಳಿಕ ಬೇರೊಂದು ಬಗೆಯ ಚರ್ಚೆಯನ್ನು ನಾನು ಹತ್ತಿರದಿಂದ ಕಂಡೆ. ಅಲ್ಲಿ ಗಂಟೆಯಿಲ್ಲ, ತೀರ್ಪುಗಾರರಿಲ್ಲ. ಆದರೆ ಚರ್ಚೆಯ ಫಲವನ್ನು ಲೋಕದ ಲಕ್ಷಾಂತರ ಜನ ಮರುದಿನದಿಂದ ತಮ್ಮ ಕೈಯಲ್ಲಿ ಅನುಭವಿಸಬೇಕಾಗುತ್ತದೆ. ಆ ಚರ್ಚೆಯ ಕುರಿತೇ ಇಂದು ಹೇಳಬಯಸುತ್ತೇನೆ.

ನಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಮಕ್ಕಳು ಪ್ರಬಂಧ, ಅರ್ಜಿ, ಆಮಂತ್ರಣ ಪತ್ರಿಕೆಗಳನ್ನು ಟೈಪು ಮಾಡಲು ಬಳಸುವ ತಂತ್ರಾಂಶದ ಹೆಸರು ಲಿಬ್ರೆಆಫೀಸ್ ರೈಟರ್. ಕೇರಳದ ಶಾಲೆಗಳಲ್ಲಿ 2001ರಲ್ಲಿ ಆರಂಭವಾದ ‘ಐ.ಟಿ. ಅಟ್ ಸ್ಕೂಲ್’ ಯೋಜನೆ ಮುಂದೆ ಮುಕ್ತ ತಂತ್ರಾಂಶಗಳನ್ನೇ ಆಯ್ದುಕೊಂಡಿತು. 2017ರಿಂದ ‘ಕೈಟ್’ ಎಂಬ ಹೆಸರಿನ ಸಂಸ್ಥೆ ಆ ಕೆಲಸವನ್ನು ಮುಂದುವರಿಸುತ್ತಿದೆ. ಆದುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಈ ತಂತ್ರಾಂಶದ ಬಳಕೆದಾರರ ದೊಡ್ಡ ಕುಟುಂಬಕ್ಕೆ ಸೇರಿದವರು.

ಈ ತಂತ್ರಾಂಶದ ಜಾತಕ ಸ್ವಾರಸ್ಯಕರವಾದುದು. 1985ರಲ್ಲಿ ಜರ್ಮನಿಯ ಲ್ಯೂನೆಬರ್ಗ್ ಎಂಬ ಊರಿನಲ್ಲಿ ಮಾರ್ಕೊ ಬೋರಿಸ್ ಎಂಬ ತರುಣ ಸ್ಥಾಪಿಸಿದ ಸ್ಟಾರ್ ಡಿವಿಜನ್ ಎಂಬ ಕಂಪೆನಿಯಲ್ಲಿ ಇದರ ಮೂಲವಿದೆ. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ 1999ರಲ್ಲಿ ಆ ಕಂಪೆನಿಯನ್ನು ಕೊಂಡುಕೊಂಡು, 2000ದಲ್ಲಿ ತಂತ್ರಾಂಶದ ಮೂಲ ಸಂಕೇತವನ್ನು, ಎಂದರೆ ಸೋರ್ಸ್ ಕೋಡನ್ನು, ಎಲ್ಲರಿಗೂ ತೆರೆದಿಟ್ಟಿತು. ಅದಕ್ಕೆ ಓಪನ್‌ಆಫೀಸ್ ಎಂದು ಹೆಸರಾಯಿತು. 2010ರಲ್ಲಿ ಸನ್ ಕಂಪೆನಿಯು ಓರಕಲ್ ಸಂಸ್ಥೆಯ ವಶವಾದಾಗ, ಇದರ ಭವಿಷ್ಯ ಒಂದು ಕಂಪೆನಿಯ ತೀರ್ಮಾನವನ್ನಷ್ಟೇ ನೆಚ್ಚಿಕೊಂಡಿರಬಾರದು ಎಂದು ಭಾವಿಸಿದ ಬಹುಮಂದಿ ಸೇರಿ ಅದೇ ಸಪ್ಟಂಬರ 28ರಂದು ‘ದಿ ಡಾಕ್ಯುಮೆಂಟ್ ಫೌಂಡೇಶನ್’ ಎಂಬ ಪ್ರತಿಷ್ಠಾನವನ್ನು ಘೋಷಿಸಿದರು. 2011ರ ಜನವರಿಯಲ್ಲಿ ಲಿಬ್ರೆಆಫೀಸ್ ಎಂಬ ಹೊಸ ಹೆಸರಿನಲ್ಲಿ ಮೊದಲ ಆವೃತ್ತಿ ಹೊರಬಂದಿತು. ಅಂದಿನಿಂದ ಇದು ಊರಿನವರೆಲ್ಲ ಸೇರಿ ನಡೆಸುವ ಶಾಲೆಯಂತೆ: ಕೆಲವರಿಗೆ ಸಂಬಳ ಕೊಡುವ ಕಂಪೆನಿಗಳಿವೆ, ಮತ್ತೆ ಅನೇಕರು ಬಿಡುವಿನಲ್ಲಿ ಬಂದು ದುಡಿಯುವವರು.

ಅನೇಕರ ಒಡೆತನವಿದ್ದಲ್ಲಿ ಅನೇಕ ಅಭಿಪ್ರಾಯಗಳಿರುವುದು ಸಹಜ. ಇಲ್ಲಿ ಬಹುಕಾಲ ನಡೆದ ಚರ್ಚೆಯ ವಿಷಯ ಕೇಳಲು ಸಣ್ಣದು: ಪರದೆಯ ಮೇಲ್ಭಾಗದಲ್ಲಿ ಗುಂಡಿಗಳನ್ನು ಹೇಗೆ ಜೋಡಿಸಬೇಕು?

ಹಳೆಯ ಕ್ರಮವನ್ನು ನೀವೆಲ್ಲ ಬಲ್ಲಿರಿ. ಮೇಲೆ ಪದಗಳ ಒಂದು ಸಾಲು, ಒಂದೊಂದನ್ನು ಒತ್ತಿದರೆ ಕೆಳಗಿಳಿಯುವ ಪಟ್ಟಿ. ಅದರ ಕೆಳಗೆ ಪುಟ್ಟ ಚಿತ್ರಗುಂಡಿಗಳ ಎರಡು ಸಾಲು. ಮೈಕ್ರೋಸಾಫ್ಟ್ ಕಂಪೆನಿಯು ತನ್ನ ಆಫೀಸ್ 2007ರಲ್ಲಿ ಈ ಕ್ರಮವನ್ನು ಕೈಬಿಟ್ಟು, ‘ರಿಬ್ಬನ್’ ಎಂಬ ಅಗಲವಾದ ಪಟ್ಟಿಯನ್ನು ತಂದಿತು. ಕೆಲಸಗಳನ್ನು ಗುಂಪುಗುಂಪಾಗಿ ವಿಂಗಡಿಸಿ, ಗುಂಪಿಗೊಂದು ಪುಟದಂತೆ ತೆರೆದಿಡುವ ಕ್ರಮವದು. ಕೆಲವೇ ವರ್ಷಗಳಲ್ಲಿ ಅದಕ್ಕೆ ಒಗ್ಗಿದ ಒಂದು ತಲೆಮಾರು ಬೆಳೆದು ನಿಂತಿತು. ಆಗ ಮುಕ್ತ ತಂತ್ರಾಂಶದ ಬಳಗದಲ್ಲಿ ಪ್ರಶ್ನೆ ಎದ್ದಿತು: ನಾವೂ ಬದಲಾಗಬೇಕೆ?

ಬದಲಾಗಬೇಕು ಎಂದವರ ವಾದದಲ್ಲಿ ಹುರುಳಿತ್ತು. ಹಳೆಯ ಪಟ್ಟಿಗಳಲ್ಲಿ ಅನೇಕ ಉಪಯುಕ್ತ ಸೌಲಭ್ಯಗಳು ಎರಡು ಮೂರು ಪದರಗಳ ಒಳಗೆ ಅಡಗಿ ಕುಳಿತಿವೆ, ಇದ್ದರೂ ಇಲ್ಲದಂತೆ. ಹೊಸಬರಿಗೆ ಈ ರೂಪ ಹಳತಾಗಿ ಕಾಣುತ್ತದೆ. ಒಮ್ಮೆ ತೆರೆದು ನೋಡಿ ಮುಚ್ಚಿಬಿಡುತ್ತಾರೆ. ಬೇಡ ಎಂದವರ ವಾದವೂ ಟೊಳ್ಳಾಗಿರಲಿಲ್ಲ. ಈಗಿನ ಮಡಚುವ ಕಂಪ್ಯೂಟರುಗಳ ಪರದೆ ಅಗಲವಾಗಿದೆ, ಎತ್ತರ ಕಡಿಮೆ. ದಪ್ಪನೆಯ ಪಟ್ಟಿಯೊಂದನ್ನು ಮೇಲೆ ಹೊರಿಸಿದರೆ ಬರೆಯುವ ಹಾಳೆಗೆ ಜಾಗವೆಲ್ಲಿ? ಕಣ್ಣು ಕಾಣದವರು ತೆರೆಯನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಪಟ್ಟಿಯ ಪದಗಳನ್ನು ಒಂದೊಂದಾಗಿ ಕೇಳಿಸಿಕೊಂಡು ಕೆಲಸ ಮಾಡುತ್ತಾರೆ, ಅವರ ಗತಿಯೇನು? ಬೇರೆ ಬೇರೆ ಭಾಷೆಗಳಿಗೆ ಅನುವಾದ ಮಾಡಿದಾಗ ಪದಗಳು ಉದ್ದವಾಗುತ್ತವೆ. ಇಂಗ್ಲಿಷಿನ ಅಳತೆಗೆ ಹೊಲಿದ ಗುಂಡಿಯಲ್ಲಿ ಅವು ಹಿಡಿಸಿಯಾವೆ? ವರ್ಷಾನುಗಟ್ಟಲೆ ಬಳಸಿ ಕೈಗೆ ರೂಢಿಯಾದವರು ಮತ್ತೆ ಒಂದನೆಯ ಕ್ಲಾಸಿಗೆ ಹೋಗಿ ಕೂರಬೇಕೆ?

2009ರಲ್ಲೇ, ಇನ್ನೂ ಓಪನ್‌ಆಫೀಸಿನ ಕಾಲದಲ್ಲಿ, ‘ರಿನೈಸಾನ್ಸ್’ ಎಂಬ ಯೋಜನೆಯಡಿ ಹೊಸ ರೂಪದ ಒಂದು ಮಾದರಿಯನ್ನು ತೋರಿಸಿದಾಗ, ಇದು ರಿಬ್ಬನ್ನಿನ ಅನುಕರಣೆಯೆಂದು ಟೀಕೆ ಬಂದಿತ್ತು. ಲಿಬ್ರೆಆಫೀಸಿನವರು ಬೇರೆ ದಾರಿ ಹಿಡಿದರು. ಹೊಸದನ್ನು ಕಟ್ಟೋಣ, ಆದರೆ ಹಳೆಯದನ್ನು ಕೆಡವುವುದು ಬೇಡ. 2017ರ ಫೆಬ್ರವರಿಯ 5.3ನೆಯ ಆವೃತ್ತಿಯಲ್ಲಿ ‘ನೋಟ್‌ಬುಕ್‌ಬಾರ್’ ಎಂಬ ಹೊಸ ಪಟ್ಟಿಯನ್ನು ಪ್ರಯೋಗವೆಂದು ಹೆಸರಿಸಿಯೇ ಒಳಗಿಟ್ಟರು. ಬೇಕಾದವರು ಹಚ್ಚಿ ನೋಡಿ, ದೋಷ ಹೇಳಿ ಎಂದರು. ಎರಡು ವರ್ಷ ತಿದ್ದಿ ತೀಡಿ, 2019ರ 6.2ನೆಯ ಆವೃತ್ತಿಯಲ್ಲಿ ಪ್ರಯೋಗವೆಂಬ ಹಣೆಪಟ್ಟಿಯನ್ನು ಕಳಚಿದರು. 2021ರ 7.1ನೆಯ ಆವೃತ್ತಿಯಲ್ಲಿ, ಮೊದಲ ಸಲ ತೆರೆದಾಗ “ನಿಮಗೆ ಯಾವ ರೂಪ ಬೇಕು?” ಎಂದು ಕೇಳುವ ಕಿಟಕಿಯನ್ನು ಇಟ್ಟರು.

ಇಲ್ಲಿಗೆ ಕಥೆ ಸುಖಾಂತವಾಯಿತು ಎಂದು ನಿಮಗೆ ಅನಿಸಬಹುದು. ಎಲ್ಲರಿಗೂ ಬೇಕಾದುದು ಸಿಕ್ಕಿತಲ್ಲ! ನಾನೂ ಹಾಗೆಯೇ ತಿಳಿದಿದ್ದೆ. ನಾನು ಹೊಸ ರೂಪದ ಪಕ್ಷದವನು. ನನ್ನ ಕಣ್ಣು ತೆರೆಸಿದವರು ನನ್ನ ತಂದೆ.

ನನ್ನ ತಂದೆಯವರು ನಿವೃತ್ತರಾದ ಮೇಲೆ ಕಂಪ್ಯೂಟರಿನಲ್ಲಿ ಕನ್ನಡ ಟೈಪು ಮಾಡಲು ಕಲಿತವರು. ನೆರೆಕರೆಯವರಿಗೆ ಅರ್ಜಿ, ಮನವಿ ಬರೆದುಕೊಡುವುದು ಅವರ ಕಾಯಕ. ಕಚೇರಿಗಳಿಗೆ ಕನ್ನಡದಲ್ಲೇ ಅರ್ಜಿ ಕೊಡಬೇಕೆಂಬುದು ಅವರ ಹಟ. ಒಮ್ಮೆ ರಜೆಯಲ್ಲಿ ಊರಿಗೆ ಬಂದಾಗ, ಅವರ ಕಂಪ್ಯೂಟರಿನ ರೈಟರನ್ನು ನಾನು ಹೊಸ ರೂಪಕ್ಕೆ ಬದಲಾಯಿಸಿಟ್ಟು, ಚಂದ ಮಾಡಿದೆನೆಂಬ ಹೆಮ್ಮೆಯಲ್ಲಿ ಬಸ್ಸು ಹತ್ತಿದೆ. ಮೂರನೆಯ ದಿನ ತಾಯಿಯ ಕರೆ ಬಂತು. “ಅಪ್ಪ ಎರಡು ದಿನದಿಂದ ಅದನ್ನು ಮುಟ್ಟಲಿಲ್ಲ ಮಗಾ. ಯಾರದೋ ಪಿಂಚಣಿಯ ಅರ್ಜಿ ಅರ್ಧದಲ್ಲಿ ಉಂಟು.” ಆ ಬಳಿಕ ಅವರು ಹೇಳಿದ ಮಾತು ನನಗೆ ಯಾವ ಪಠ್ಯಪುಸ್ತಕದಲ್ಲೂ ಸಿಗದ ಪಾಠ: “ನೀನು ಅಡುಗೆಮನೆ ಒತ್ತರೆ ಮಾಡಿದ್ದು ಸರಿ. ಮೆಟ್ಟುಕತ್ತಿ ಎಲ್ಲಿ ಇಟ್ಟೆ ಅಂತ ಹೇಳದೆ ಹೋದ್ದು ಯಾಕೆ?”

ತಂದೆಯವರಿಗೆ ಹಳೆಯ ರೂಪ ಮರಳಿ ಸಿಗದೆಂದೇನಿರಲಿಲ್ಲ. ಎರಡು ಸಲ ಒತ್ತಿದರೆ ಸಾಕಿತ್ತು. ಆದರೆ ಎಲ್ಲಿ ಒತ್ತಬೇಕೆಂದು ಅವರಿಗೆ ತಿಳಿದಿರಲಿಲ್ಲ. ಹಾಗೆ ಒತ್ತಲು ಬರುತ್ತದೆಂಬುದೇ ತಿಳಿದಿರಲಿಲ್ಲ. ಆಯ್ಕೆ ಇತ್ತು, ಅವರ ಪಾಲಿಗೆ ಇರಲಿಲ್ಲ. ನಮ್ಮ ವೃತ್ತಿಯಲ್ಲಿ ಇದಕ್ಕೊಂದು ಪದವಿದೆ: ಡೀಫಾಲ್ಟ್. ಯಾರೂ ಏನನ್ನೂ ಬದಲಾಯಿಸದಿದ್ದಾಗ ತಾನಾಗಿ ಮೊದಲು ಕಾಣುವ ವ್ಯವಸ್ಥೆಗೆ ಆ ಹೆಸರು. ಬಹುತೇಕ ಜನ ಅದನ್ನು ಬದಲಾಯಿಸಲು ಹೋಗುವುದಿಲ್ಲ. ಆದುದರಿಂದ ಯಾವ ಯಾವ ಆಯ್ಕೆಗಳಿವೆ ಎಂಬುದಕ್ಕಿಂತ, ಮೊದಲ ಸಾಲಿನಲ್ಲಿ ಯಾವುದನ್ನು ಕೂರಿಸಿದ್ದೇವೆ ಎಂಬುದೇ ನಿಜವಾದ ತೀರ್ಮಾನ. ಬಹುಮಂದಿಯ ಕೈರೂಢಿಯನ್ನು ಲೆಕ್ಕಿಸಿ ಲಿಬ್ರೆಆಫೀಸಿನವರು ಹಳೆಯ ಪಟ್ಟಿಯನ್ನೇ ಮೊದಲ ಸಾಲಿನಲ್ಲಿ ಉಳಿಸಿ ಹೊಸದನ್ನು ಪಕ್ಕದಲ್ಲಿ ಇಟ್ಟದ್ದು ಏಕೆಂದು ನನಗೆ ಆ ದಿನ ಅರ್ಥವಾಯಿತು.

ಆಯ್ಕೆಗೆ ಬೆಲೆಯೂ ಇದೆ, ಅದನ್ನೂ ಮರೆಮಾಚಬಾರದು. ಒಂದು ರೂಪದ ಬದಲು ಹಲವು ರೂಪಗಳಿದ್ದರೆ, ಬಿಡುವಿನಲ್ಲಿ ದುಡಿಯುವವರು ಅವೆಲ್ಲವನ್ನೂ ಸುಸ್ಥಿತಿಯಲ್ಲಿ ಇಡಬೇಕು. ಇನ್ನು ಶಾಲೆಯ ಲ್ಯಾಬಿನಲ್ಲಿ ಟೀಚರ್ ಒಬ್ಬರು “ಮೂರನೆಯ ಪಟ್ಟಿಯನ್ನು ತೆರೆಯಿರಿ” ಎಂದಾಗ ನಾಲ್ಕು ಮಕ್ಕಳ ಪರದೆಯಲ್ಲಿ ಆ ಪಟ್ಟಿಯೇ ಇಲ್ಲದಿದ್ದರೆ ಪಾಠ ಅಲ್ಲಿಗೇ ನಿಲ್ಲುತ್ತದೆ. ಎಲ್ಲವನ್ನೂ ಎಲ್ಲರ ಇಚ್ಛೆಗೆ ಬಿಡುವುದು ಔದಾರ್ಯದಂತೆ ಕಾಣುತ್ತದೆ. ಕೆಲವೊಮ್ಮೆ ಅದು ತೀರ್ಮಾನದಿಂದ ನುಣುಚಿಕೊಳ್ಳುವ ದಾರಿಯೂ ಆಗಬಹುದು.

ಇಂಥ ಚರ್ಚೆ ನಮ್ಮ ನೆಲಕ್ಕೆ ಹೊಸತಲ್ಲ. ಕಳೆದ ಶತಮಾನದ ಆರಂಭದಲ್ಲಿ, ಇಲ್ಲಿಯ ಮಂಜೇಶ್ವರದ ಗೋವಿಂದ ಪೈಗಳು ಕನ್ನಡ ಕವಿತೆಯಲ್ಲಿ ಆದಿಪ್ರಾಸವನ್ನು ಬಿಟ್ಟು ಬರೆಯಲು ತೊಡಗಿದಾಗ ಸಾಹಿತ್ಯವಲಯದಲ್ಲಿ ದೊಡ್ಡ ವಾದವೇ ನಡೆಯಿತು. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬುದು ಶತಮಾನಗಳ ಕಟ್ಟು. ಅದಿಲ್ಲದೆ ಕಾವ್ಯವುಂಟೆ ಎಂದು ಕೇಳಿದವರಿದ್ದರು. ಪೈಗಳು ಪ್ರಾಸವನ್ನು ಬಹಿಷ್ಕರಿಸಿ ಎಂದು ಯಾರಿಗೂ ಕಟ್ಟಳೆ ವಿಧಿಸಲಿಲ್ಲ. ಪ್ರಾಸವಿಲ್ಲದೆಯೂ ಕನ್ನಡ ನಡೆದೀತೆಂದು ಬರೆದು ತೋರಿಸಿದರು. ಬೇಕೆಂದವನು ಇಂದಿಗೂ ಪ್ರಾಸವಿಟ್ಟು ಬರೆಯಬಹುದು. ಕಟ್ಟನ್ನು ಸಡಿಲಿಸುವವನಿಗೆ ಅದರೊಳಗೆ ಬಾಳಿದವರ ಮೇಲೆ ಗೌರವವಿರಬೇಕು, ಮತ್ತು ಹೊಸದನ್ನು ವಾದದಿಂದಲ್ಲ, ಮಾಡಿ ತೋರಿಸುವುದರಿಂದ ಗೆಲ್ಲಿಸಬೇಕು. ಎರಡು ಕಡೆಯ ಕಥೆಯೂ ಹೇಳುವುದು ಇದನ್ನೇ.

ಇನ್ನು ನಮಗೆ ನೇರವಾಗಿ ಸಂಬಂಧಿಸಿದ ಮಾತಿಗೆ ಬರುತ್ತೇನೆ. ನೋಟ್‌ಬುಕ್‌ಬಾರ್ ಬಂದ ಅದೇ 5.3ನೆಯ ಆವೃತ್ತಿಯಲ್ಲಿ ಹೆಚ್ಚು ಸದ್ದಿಲ್ಲದೆ ಇನ್ನೊಂದು ಬದಲಾವಣೆ ಬಂದಿತು. ಅಕ್ಷರಗಳನ್ನು ಪರದೆಯ ಮೇಲೆ ಜೋಡಿಸುವ ಕೆಲಸವನ್ನು ‘ಹಾರ್ಫ್‌ಬಜ್’ ಎಂಬ ಮುಕ್ತ ಸಾಧನಕ್ಕೆ ಎಲ್ಲ ಬಗೆಯ ಕಂಪ್ಯೂಟರುಗಳಲ್ಲೂ ಒಪ್ಪಿಸಿದರು. ಅಲ್ಲಿಯವರೆಗೆ ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಆ ಕೆಲಸವನ್ನು ಬೇರೆ ಬೇರೆ ಸಾಧನಗಳು ಮಾಡುತ್ತಿದ್ದವು. ಇಂಗ್ಲಿಷ್ ಬರೆಯುವವನಿಗೆ ಈ ಬದಲಾವಣೆ ಹೆಚ್ಚಾಗಿ ಗಮನಕ್ಕೇ ಬಾರದು. ಒತ್ತಕ್ಷರ, ಅರ್ಕಾವತ್ತು, ದೀರ್ಘಗಳಿರುವ ಕನ್ನಡಕ್ಕೆ ಅಕ್ಷರ ಜೋಡಣೆಯೇ ಜೀವ. ಒಂದು ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡ ಒತ್ತು ಇನ್ನೊಂದರಲ್ಲಿ ಪಕ್ಕಕ್ಕೆ ಸರಿದು ನಿಂತರೆ ಬರೆದದ್ದು ಕನ್ನಡವಾಗಿ ಉಳಿಯುವುದಿಲ್ಲ. ಎಲ್ಲರೂ ಗುಂಡಿಗಳ ಚೆಲುವಿನ ಬಗ್ಗೆ ಮಾತಾಡುತ್ತಿದ್ದಾಗ ನಮಗೆ ಬೇಕಾದ ಕೆಲಸ ಹಿತ್ತಲಲ್ಲಿ ನಡೆಯುತ್ತಿತ್ತು.

ಮಕ್ಕಳೆ, ನಿಮಗೊಂದು ಪ್ರಶ್ನೆ. ‘ಸ್ತ್ರೀ’ ಎಂಬುದರಲ್ಲಿ ಎಷ್ಟು ಅಕ್ಷರ? ಒಂದು ಎಂದು ನೀವು ಹೇಳುತ್ತೀರಿ, ಸರಿಯೇ. ಕಂಪ್ಯೂಟರನ್ನು ಕೇಳಿದರೆ ಆರು ಎನ್ನುತ್ತದೆ. ‘ಸ’, ಒಂದು ವಿರಾಮ, ‘ತ’, ಮತ್ತೊಂದು ವಿರಾಮ, ‘ರ’, ಕೊನೆಗೆ ‘ಈ’ಕಾರದ ಚಿಹ್ನೆ. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಿಂದಲೂ ಕನ್ನಡ ಅದರಲ್ಲಿದೆ. ಅಲ್ಲಿ ಒಂದೊಂದು ಚಿಹ್ನೆಗೂ ಒಂದೊಂದು ಸಂಖ್ಯೆ. ಹಾಗಾದರೆ ಟೈಪು ಮಾಡಿ ತಪ್ಪಾಯಿತೆಂದು ಅಳಿಸುವ ಗುಂಡಿಯನ್ನು ಒಮ್ಮೆ ಒತ್ತಿದಾಗ, ಇಡೀ ‘ಸ್ತ್ರೀ’ ಹೋಗಬೇಕೆ, ಅಥವಾ ‘ಈ’ಕಾರದ ಚಿಹ್ನೆ ಮಾತ್ರ ಕಳಚಿ ‘ಸ್ತ್ರ’ ಉಳಿಯಬೇಕೆ? ಬಾಣದ ಗುಂಡಿಯಿಂದ ಮುಂದೆ ಸರಿದಾಗ ಒಂದು ಹೆಜ್ಜೆಯೋ ಆರು ಹೆಜ್ಜೆಯೋ?

ಇದು ಗಣಿತದ ಪ್ರಶ್ನೆಯಲ್ಲ, ವಿನ್ಯಾಸದ ಪ್ರಶ್ನೆ. ಕೊನೆಯ ಗುಣಿತವನ್ನಷ್ಟೇ ತಪ್ಪಿ ಬರೆದ ಮಗುವಿಗೆ ಒಂದೊಂದೇ ಚಿಹ್ನೆ ಕಳಚುವುದು ಅನುಕೂಲ. ಓದುತ್ತಾ ಸಾಗುವವನಿಗೆ ಇಡೀ ಅಕ್ಷರವೇ ಒಂದು ಹೆಜ್ಜೆಯಾಗಿರುವುದು ಅನುಕೂಲ. ಇದನ್ನು ಬಲ್ಲವರು ಯಾರು? ಹ್ಯಾಂಬರ್ಗಿನಲ್ಲೋ ಪ್ಯಾರಿಸ್ಸಿನಲ್ಲೋ ಕುಳಿತ ಒಬ್ಬ ಪ್ರಾಮಾಣಿಕ, ಪ್ರತಿಭಾವಂತ ಎಂಜಿನಿಯರನಿಗೆ ಇದು ತಾನಾಗಿ ಹೊಳೆಯದು, ತಪ್ಪು ಅವನದಲ್ಲ. ಕನ್ನಡದ ಬಳಪ ಹಿಡಿದ ಕೈಗೆ ಇದು ಗೊತ್ತು. ಹಾಗಾಗಿ ಆ ಚರ್ಚೆಯಲ್ಲಿ ನಾವು ಇಲ್ಲದಿದ್ದರೆ, ನಮ್ಮ ಪರವಾಗಿ ಬೇರೆಯವರು ಊಹಿಸಿ ತೀರ್ಮಾನಿಸುತ್ತಾರೆ.

ಆ ಚರ್ಚೆಗೆ ಬಾಗಿಲು ಮುಚ್ಚಿಲ್ಲ ಎಂಬುದೇ ಮುಕ್ತ ತಂತ್ರಾಂಶದ ಹಿರಿಮೆ. ಬಳಸುವಾಗ ಕಂಡ ದೋಷವನ್ನು ಯಾರು ಬೇಕಾದರೂ ವರದಿ ಮಾಡಬಹುದು. ಪ್ರತಿ ವರದಿಗೆ ಒಂದು ಸಂಖ್ಯೆ ಬೀಳುತ್ತದೆ. ಅದರ ಮೇಲಿನ ಮಾತುಕತೆ ಎಲ್ಲರಿಗೂ ಕಾಣುವಂತೆ ನಡೆಯುತ್ತದೆ. ಒಳ್ಳೆಯ ವರದಿಯ ಲಕ್ಷಣ ಮೂರು: ನಾನು ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ಜತೆಗೆ ದೋಷ ಕಾಣುವ ಒಂದು ಪುಟ್ಟ ಕಡತ. “ಇದು ಸರಿಯಿಲ್ಲ” ಎಂದು ಬರೆದವನಿಗೆ ಉತ್ತರ ಸಿಗುವುದು ವಿರಳ. ಹೆಜ್ಜೆ ಹೆಜ್ಜೆಯಾಗಿ ಬರೆದವನ ಮಾತನ್ನು ಕನ್ನಡವೇ ಬಾರದ ಎಂಜಿನಿಯರನೂ ತನ್ನ ಮೇಜಿನಲ್ಲಿ ಮಾಡಿ ನೋಡಬಲ್ಲ. ನಮ್ಮ ವಿಜ್ಞಾನದ ಮಾಷ್ಟ್ರು ಪ್ರಯೋಗ ಪುಸ್ತಕದಲ್ಲಿ ಉದ್ದೇಶ, ವಿಧಾನ, ಫಲಿತಾಂಶ ಎಂದು ಮೂರು ಶೀರ್ಷಿಕೆಗಳನ್ನು ಬರೆಯಿಸದೆ ಸಹಿ ಹಾಕುತ್ತಿರಲಿಲ್ಲ. ಅಂದು ಬೇಸರಪಟ್ಟದ್ದನ್ನು ಇಂದು ಕೃತಜ್ಞತೆಯಿಂದ ನೆನೆಯುತ್ತೇನೆ.

ಈ ತಂತ್ರಾಂಶದ ಪಟ್ಟಿಗಳನ್ನು ಕನ್ನಡದಲ್ಲೇ ತೋರಿಸಲು ಬರುತ್ತದೆ. ಸ್ವಯಂಸೇವಕರು ಅನುವಾದ ಮಾಡಿದ್ದಾರೆ; ಇನ್ನೂ ಮಾಡುವವರು ಬೇಕಾಗಿದ್ದಾರೆ. ಆದರೆ ನನ್ನ ತಂದೆಯವರ ಕಥೆಯನ್ನು ನೆನಪಿಸಿಕೊಳ್ಳಿ: ಇದ್ದರಷ್ಟೇ ಸಾಲದು. ಯಾರಾದರೂ ಆ ಕನ್ನಡವನ್ನು ಅಳವಡಿಸಿ, ಮೊದಲ ಸಾಲಿಗೆ ತಂದು ಕೂರಿಸಬೇಕು. ಗಡಿಯಾಚೆಗೆ ಉಳಿದ ನಮಗೆ ಈ ಮಾತು ಹೊಸದಾಗಿ ಹೇಳಿಕೊಡಬೇಕಾದುದಲ್ಲ. 1956ರ ನವಂಬರ 1ರಿಂದ ನಾವು ಬದುಕಿರುವುದೇ ಹೀಗೆ. ನಮ್ಮ ಭಾಷೆಗೆ ಹಕ್ಕಿದೆ, ಅವಕಾಶವಿದೆ. ಆದರೆ ತಾನಾಗಿ ಮುಂದೆ ಬರುವ ಹಾಳೆ ನಮ್ಮ ಭಾಷೆಯದಲ್ಲ. ಕನ್ನಡದ ಅರ್ಜಿ ನಮೂನೆ ಬೇಕಾದರೆ ಕೇಳಬೇಕು. ಕೇಳದಿದ್ದರೆ ಇಲ್ಲ. ಕೇಳಲು ನಾಚಿದರೆ, ಕೊಡಬೇಕಾದವನು “ಇಲ್ಲಿ ಯಾರಿಗೂ ಬೇಡವಂತೆ” ಎಂದು ತಿಳಿಯುತ್ತಾನೆ.

ಈ ಶಾಲೆ ನೂರು ವರ್ಷ ಮಾಡಿದ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬೇಕಾದರೆ, ಕನ್ನಡವನ್ನು ಹುಡುಕಿ ಪಡೆಯಬೇಕಾದ ಆಯ್ಕೆಯಾಗಿಸದೆ, ಇಲ್ಲಿಯ ಮಕ್ಕಳಿಗೆ ಬೆಳಗ್ಗೆ ಬಾಗಿಲು ತೆರೆದೊಡನೆ ಸಿಗುವ ಮೊದಲ ಸಾಲಿನ ಭಾಷೆಯಾಗಿ ಇರಿಸಿದ್ದು. ಆಂಗ್ಲ ಮಾಧ್ಯಮದ ಬಸ್ಸುಗಳು ಮನೆ ಬಾಗಿಲಿಗೆ ಬಂದು ನಿಲ್ಲುವ ಈ ದಿನಗಳಲ್ಲಿ, ಮಗುವನ್ನು ಇಲ್ಲಿಗೆ ಕಳುಹಿಸುವ ಹೆತ್ತವರು ಆ ಮೊದಲ ಸಾಲನ್ನು ಪ್ರತಿ ಜೂನಿನಲ್ಲೂ ಹೊಸದಾಗಿ ಕಾಯುತ್ತಿದ್ದಾರೆ. ಅವರಿಗೆ ನಾನು ಕೈಮುಗಿಯುತ್ತೇನೆ.

ಕೊನೆಯದಾಗಿ ಎರಡು ವಿನಂತಿ. ಅಧ್ಯಾಪಕ ಬಂಧುಗಳೆ, ಲ್ಯಾಬಿನ ಒಂದು ಕಂಪ್ಯೂಟರಿನಲ್ಲಾದರೂ ಪಟ್ಟಿಗಳು ಕನ್ನಡದಲ್ಲಿ ಮೂಡುವಂತೆ ಅಳವಡಿಸಿ. ಅನುವಾದದಲ್ಲಿ ಎಡವಟ್ಟಾದ ಪದ ಕಂಡರೆ ಮಕ್ಕಳಿಂದ ಪಟ್ಟಿ ಮಾಡಿಸಿ. ಅದನ್ನು ತಲುಪಬೇಕಾದಲ್ಲಿಗೆ ತಲುಪಿಸುವ ಕೆಲಸ ನನ್ನದು ಮತ್ತು ನನ್ನಂಥ ಹಳೆ ವಿದ್ಯಾರ್ಥಿಗಳದು. ಎರಡನೆಯದು, ಸಾಹಿತ್ಯ ಸಂಘದ ಚರ್ಚೆಗೆ ಈ ಶತಮಾನೋತ್ಸವದ ನೆನಪಿಗಾಗಿ ಹೊಸ ನಿಯಮವೊಂದನ್ನು ಸೇರಿಸಿ. ಹಳ್ಳಿ ಮೇಲೋ ಪಟ್ಟಣ ಮೇಲೋ ಎಂದು ವಾದಿಸಿದ ಬಳಿಕ ಗೆದ್ದವರು ಯಾರೆಂದು ಸಾರುವ ಮೊದಲು, “ಈ ಮಾತು ಯಾರನ್ನು ಮುಟ್ಟುತ್ತದೆ? ಅವರು ಇಲ್ಲಿದ್ದಾರೆಯೆ?” ಎಂದು ಒಮ್ಮೆ ಕೇಳಿ.

ತಂದೆಯವರ ಕಂಪ್ಯೂಟರನ್ನು ಮುಂದಿನ ರಜೆಯಲ್ಲಿ ಬಂದು ಹಳೆಯ ರೂಪಕ್ಕೆ ಮರಳಿಸಿದೆ. ಈ ಸಲ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬದಲಾಯಿಸುವ ಜಾಗವನ್ನೂ ತೋರಿಸಿದೆ. ಅರ್ಧದಲ್ಲಿ ನಿಂತಿದ್ದ ಪಿಂಚಣಿಯ ಅರ್ಜಿ ಅಂದೇ ಪೂರ್ಣವಾಯಿತು. ಕೆಲವು ತಿಂಗಳ ಮೇಲೆ ನೋಡಿದರೆ ಅವರು ತಾವಾಗಿಯೇ ಹೊಸ ರೂಪವನ್ನು ಹಚ್ಚಿಕೊಂಡು ಟೈಪು ಮಾಡುತ್ತಿದ್ದರು. “ಇದು ಅಡ್ಡಿಯಿಲ್ಲ, ಅಕ್ಷರ ದೊಡ್ಡದು ಕಾಣ್ತದೆ” ಎಂದರು. ನಾನು ಮಾತಾಡಲಿಲ್ಲ.

 ಈ ವಿದ್ಯಾದೇಗುಲ ಇನ್ನೂ ನೂರು ವರ್ಷ ಕನ್ನಡದ ಮೊದಲ ಸಾಲನ್ನು ಕಾಯುತ್ತಿರಲಿ ಎಂದು ಹಾರೈಸಿ ವಿರಮಿಸುತ್ತೇನೆ.